ಪದಚರ್ಚೆ: ಲಿಥಿಯಂ ಸಂಯುಕ್ತಗಳ ‘ಅಗ್ರಿಗೇಟ್’ಗೆ ‘ಕೂಟ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಇಂಗಾಲಕ್ಕೆ ಲಿಥಿಯಂ ನೇರವಾಗಿ ಬೆಸೆದುಕೊಂಡಿರುವ ಸಂಯುಕ್ತಗಳ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮಹಾಲಿಂಗಪುರದ ಬೆಲ್ಲ ತಿನ್ನುವ ನಮ್ಮ ಕಡೆ ‘ಸಾವಯವ ಲಿಥಿಯಂ’ ಎಂದರೆ ರಾಸಾಯನಿಕ ಗೊಬ್ಬರ ಹಾಕದೆ ಬೆಳೆದದ್ದು ಎಂದುಕೊಳ್ಳುವವರೇ ಹೆಚ್ಚು. ಆದ್ದರಿಂದ ‘ಆರ್ಗನೊಲಿಥಿಯಂ’ ಎಂದೇ ಇಟ್ಟುಕೊಂಡೆ, ಅದರಲ್ಲಿ ತಕರಾರಿಲ್ಲ. ಕಾಡುತ್ತಿರುವುದು ‘ಅಗ್ರಿಗೇಟ್’, ಅಂದರೆ ಇಂಥ ಸಂಯುಕ್ತದ ಕೆಲವು ಅಣುಗಳು ಒಂದನ್ನೊಂದು ಹಿಡಿದು ಆಗುವ ಗುಂಪು.

ಮೀಥೈಲ್ ಲಿಥಿಯಂ ಅನ್ನು ಕಪ್ಪುಹಲಗೆಯ ಮೇಲೆ ಒಂಟಿ ಅಣುವಾಗಿ ಬರೆಯುತ್ತೇವೆ. ಘನರೂಪದಲ್ಲಿ ಅದು ಹಾಗಿರುವುದಿಲ್ಲ ಎಂಬುದನ್ನು 1964ರಲ್ಲಿ ವೈಸ್ ಮತ್ತು ಲೂಕೆನ್ ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿದರು. ನಾಲ್ಕು ಲಿಥಿಯಂ ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ) ಮೂಲೆಗಳಲ್ಲಿರುತ್ತವೆ, ಅದರ ಪ್ರತಿ ಮುಖದ ಮೇಲೆ ಒಂದೊಂದು ಮೀಥೈಲ್ (ಒಂದು ಇಂಗಾಲ, ಮೂರು ಹೈಡ್ರೋಜನ್‌ಗಳ ಗುಂಪು) ಕುಳಿತಿರುತ್ತದೆ. ಹೀಗೆ ಒಂದು ಇಂಗಾಲ ಮೂರು ಲಿಥಿಯಂಗಳನ್ನು ಹಿಡಿದಿರುತ್ತದೆ. ಇಂಥದೇ ಇನ್ನೊಂದು ಸಂಯುಕ್ತವಾದ ಬ್ಯುಟೈಲ್ ಲಿಥಿಯಂ ಹೆಕ್ಸೇನ್ ಎಂಬ ದ್ರಾವಕದಲ್ಲಿ ಆರಾರು ಸೇರಿ ಇರುತ್ತದೆ, ಈಥರಿನಲ್ಲಿ ನಾಲ್ಕು ನಾಲ್ಕು. ಟೆಟ್ರಾಹೈಡ್ರೊಫ್ಯುರಾನಿನಲ್ಲಿ ನಾಲ್ಕರವೂ ಎರಡರವೂ ಒಟ್ಟಿಗೆ ಕಾಣುತ್ತವೆ. ಈ ಕೊನೆಯ ಎರಡು ದ್ರಾವಕಗಳಲ್ಲಿರುವ ಆಕ್ಸಿಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಲಿಥಿಯಂಗೆ ಕೊಟ್ಟು ದೊಡ್ಡ ಗುಂಪನ್ನು ಒಡೆಯುತ್ತದೆ.

‘ಗೊಂಚಲು’ ಎನ್ನಿ ಎಂದರು ಸಹೋದ್ಯೋಗಿಯೊಬ್ಬರು, ದ್ರಾಕ್ಷಿಯ ಜಿಲ್ಲೆಯವರಲ್ಲವೇ! ಆದರೆ ತಿಕೋಟಾದ ದ್ರಾಕ್ಷಿ ತೊಟ್ಟನ್ನು ನೆಚ್ಚಿ ತೂಗುತ್ತದೆ, ಹಣ್ಣು ಹಣ್ಣನ್ನು ಹಿಡಿದಿರುವುದಿಲ್ಲ. ಇಲ್ಲಿ ತೊಟ್ಟೇ ಇಲ್ಲ. ‘ಸಮುಚ್ಚಯ’ ಎಂದರೆ ವಸತಿ ಸಮುಚ್ಚಯವೇ ನೆನಪಾಗುತ್ತದೆ. ‘ಕೂಟ’ ನನಗೆ ಹಿಡಿಸಿದೆ: ಕೂಟ ಕಟ್ಟುತ್ತದೆ, ಕೂಟ ಒಡೆಯುತ್ತದೆ ಎಂದು ಸಲೀಸಾಗಿ ಬರೆಯಬಹುದು.

ತೊಡಕಿರುವುದು ಎಣಿಕೆಯಲ್ಲಿ. ‘ಡೈಮರ್’ (ಎರಡು ಸೇರಿದ್ದು), ‘ಟೆಟ್ರಾಮರ್’ (ನಾಲ್ಕು ಸೇರಿದ್ದು) ಇವುಗಳಿಗೆ ಇಮ್ಮಡಿ, ನಾಲ್ಮಡಿ ಎನ್ನೋಣವೆಂದರೆ, ಬಾದಾಮಿಯ ಪುಲಿಕೇಶಿ ಎದ್ದು ಬರುವುದು ಹಾಗಿರಲಿ, ವಾಕ್ಯವೇ ಕೆಡುತ್ತದೆ. ಟೆಟ್ರಾಹೈಡ್ರೊಫ್ಯುರಾನಿನಲ್ಲಿ ಬೆಂಜಾಲ್ಡಿಹೈಡಿನೊಂದಿಗೆ ಬ್ಯುಟೈಲ್ ಲಿಥಿಯಂನ ಡೈಮರ್ ಟೆಟ್ರಾಮರಿಗಿಂತ ಸುಮಾರು 10 ಪಟ್ಟು ವೇಗವಾಗಿ ವರ್ತಿಸುತ್ತದೆ ಎಂದು ಮೆಕ್‌ಗ್ಯಾರಿಟಿ ಮತ್ತು ಸಂಗಡಿಗರು 1985ರಲ್ಲಿ ಕಂಡುಕೊಂಡರು. ಲೇಖನದ ತಿರುಳೇ ಇದು. ‘ಇಮ್ಮಡಿಯು ನಾಲ್ಮಡಿಗಿಂತ ಹತ್ತುಮಡಿ ವೇಗ’ ಎಂದು ಬರೆದರೆ ಓದುಗರು ಗುಣಾಕಾರಕ್ಕೆ ಕೂರುತ್ತಾರೆ.

‘ನಾಲ್ಕಣು ಕೂಟ’ ಪಠ್ಯಪುಸ್ತಕದ ಲೆಕ್ಕದಲ್ಲಿ ಸರಿ, ಅಲ್ಲಿ ಅಣುವೆಂದರೆ ಮಾಲಿಕ್ಯೂಲ್. ಆದರೆ ಅಣುಬಾಂಬ್, ಅಣುವಿದ್ಯುತ್ ಎಂದು ಓದಿ ಬೆಳೆದವರಿಗೆ ಅಣುವೆಂದರೆ ಪರಮಾಣು. ಮೀಥೈಲ್ ಲಿಥಿಯಂ ಕೂಟದಲ್ಲಿ ಪರಮಾಣುಗಳು ನಾಲ್ಕಲ್ಲ, 20.

ಉಳಿದದ್ದು ಎರಡರ ಕೂಟ, ನಾಲ್ಕರ ಕೂಟ, ಆರರ ಕೂಟ. ಮಾತು ತಿಳಿಯಾಗಿದೆ, ಪಾರಿಭಾಷಿಕ ಪದವಾಗಿ ನಿಂತೀತೇ? ‘ಟೆಟ್ರಾಮರಿಕ್’ ಎಂಬ ವಿಶೇಷಣ ಬೇಕಾದಾಗ ‘ನಾಲ್ಕರ ಕೂಟದ ರಚನೆಯ’ ಎಂದು ಷಷ್ಠಿಯ ಮೇಲೆ ಷಷ್ಠಿ ಬೀಳುತ್ತದೆ. ಸಮಾಸ ಮಾಡಿ ‘ನಾಲ್ಗೂಟ’ ಎಂದರೆ ಕಿವಿಗೆ ಒಪ್ಪುತ್ತದೆಯೇ? ವ್ಯಾಕರಣ ಬಲ್ಲವರು ತಿಳಿಸಬೇಕು.