ವಾಲ್‌ಹೈಮ್: ಎರಡನೇ ಪಾತ್ರಗಳಿಂದಾಗಿ ಅದಿರು ಹುಡುಕುವ ಕೆಲಸವೇ ನಿಂತಿದೆ, ತಡೆಯುವುದು ಹೇಗೆ?

ಪ್ರಶ್ನೆ

ನಾವು ಆರು ಜನ ಸ್ನೇಹಿತರು ವಾಲ್‌ಹೈಮ್ ಎಂಬ ವೈಕಿಂಗ್ ಲೋಕದ ವಿಡಿಯೋ ಆಟವನ್ನು ಬಾಡಿಗೆಯ ಸರ್ವರ್‌ನಲ್ಲಿ ಆಡುತ್ತಿದ್ದೇವೆ. ಕಂಚಿನ ಹಂತದವರೆಗೆ ಎಲ್ಲವೂ ಸೊಗಸಾಗಿತ್ತು. ಜೌಗು ಪ್ರದೇಶದ ಕಬ್ಬಿಣ ಸಿಕ್ಕಿದ ಮೇಲೆ ಇಬ್ಬರು ತಲಾ ಇನ್ನೊಂದು ಪಾತ್ರ ಮಾಡಿಕೊಂಡರು. ಮೊದಲ ಪಾತ್ರ ಕಬ್ಬಿಣ ಹೊತ್ತು ಅಲ್ಲಿಯೇ ಲಾಗ್ ಔಟ್ ಆಗಿ ತಮ್ಮ ಖಾಸಗಿ ಲೋಕದ ಪೆಟ್ಟಿಗೆಯಲ್ಲಿ ಅದನ್ನು ಇಡುತ್ತದೆ. ಸದಾ ಮನೆಯಲ್ಲೇ ಇರುವ ಎರಡನೆಯದು ಅದೇ ಪೆಟ್ಟಿಗೆಯಿಂದ ಎತ್ತಿಕೊಂಡು ನಮ್ಮ ಕುಲುಮೆಯ ಪಕ್ಕದಲ್ಲೇ ಬಂದಿಳಿಯುತ್ತದೆ. ನೂರು ಕಬ್ಬಿಣದ ಮೊಳೆ ಹೊಡೆದು ಕಟ್ಟಿದ ಲಾಂಗ್‌ಶಿಪ್ ಹಡಗು ದಡ ಬಿಟ್ಟು ಕದಲಿಲ್ಲ. ಮೊನ್ನೆ ಹೊಸ ಪಾತ್ರವೊಂದು ಉಗ್ರಾಣದಿಂದ ಒಂದೇ ಒಂದು ಕಬ್ಬಿಣದ ಗಟ್ಟಿ ಎತ್ತಿಕೊಂಡಿದ್ದೇ ತಡ, ನಾವು ವಾರಗಟ್ಟಲೆ ಕೆಸರಿನಲ್ಲಿ ಅಲೆದು ಕಂಡುಕೊಂಡ ತಯಾರಿಕೆಗಳ ಸೂಚನೆಗಳು ಪರದೆಯ ಮೇಲೆ ಸಾಲುಗಟ್ಟಿ ಬಂದವು. ಅದನ್ನು ನೋಡಿ ನಿಜಕ್ಕೂ ಬೇಸರವಾಯಿತು. ಸರ್ವರ್‌ಗೆ ಯಾರು ಬರಬಹುದೆಂಬ ಅನುಮತಿ ಪಟ್ಟಿಯಲ್ಲಿ ಆರೇ ಐಡಿಗಳಿವೆ. ಸಂಪನ್ಮೂಲದ ಪ್ರಮಾಣವನ್ನು 1.5 ಪಟ್ಟು ಮಾಡಿದರೂ ಅಭ್ಯಾಸ ಬದಲಾಗಲಿಲ್ಲ. ಏನು ಮಾಡಬಹುದು?

ಉತ್ತರ

ಅನುಮತಿ ಪಟ್ಟಿ ಗುರುತಿಸುವುದು ಆಟಗಾರರ ಖಾತೆಯನ್ನೇ ಹೊರತು ಪಾತ್ರವನ್ನಲ್ಲ. ಲೋಕದ ಕಡತ ಸರ್ವರ್‌ನಲ್ಲಿದ್ದರೆ ಪಾತ್ರದ ಕಡತ ಆಟಗಾರರ ಬಳಿಯೇ ಇರುತ್ತದೆ. ಹೊತ್ತ ಸಾಮಾನು, ಕಲಿತ ತಯಾರಿಕೆ, ಕಂಡ ನಕ್ಷೆ ಎಲ್ಲವೂ ಅದರೊಳಗೇ ಇರುವುದರಿಂದ, ಬೇರೆ ಲೋಕದಿಂದ ತಂದ ಕಬ್ಬಿಣವನ್ನು ಸರ್ವರ್ ಪ್ರಶ್ನಿಸುವುದೇ ಇಲ್ಲ. ಸರ್ವರ್ ಕ್ಯಾರೆಕ್ಟರ್ಸ್ ಎಂಬ ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆ) ಪಾತ್ರಗಳನ್ನು ಸರ್ವರ್‌ನಲ್ಲೇ ಉಳಿಸುತ್ತದೆ, ಆದರೆ ಅದನ್ನು ಎಲ್ಲರೂ ಹಾಕಿಕೊಳ್ಳಬೇಕು.

ಪ್ರಮಾಣವನ್ನು ದಯವಿಟ್ಟು ಮೊದಲಿನಂತೆ ಮಾಡಿ. ನಿಮ್ಮ ತೊಂದರೆ ಕಬ್ಬಿಣದ ಕೊರತೆಯದಲ್ಲ, ಸಾಗಾಟದ್ದು. ಲೋಹಗಳು ಸಾಮಾನ್ಯ ಪೋರ್ಟಲ್ (ಕ್ಷಣದಲ್ಲಿ ದೂರದ ಜಾಗಕ್ಕೆ ಒಯ್ಯುವ ದ್ವಾರ) ದಾಟುವುದಿಲ್ಲ ಎಂಬ ಒಂದು ನಿಯಮದಿಂದಲೇ ಈ ಆಟದಲ್ಲಿ ಹಡಗಿಗೂ ಹೊರಠಾಣೆಗೂ ಬೆಲೆ ಬಂದಿದೆ ಎಂದು ನಾನು ನಂಬಿದ್ದೇನೆ. ಆ ಇಬ್ಬರಿಗೆ ಸಮುದ್ರಯಾನಕ್ಕೆ ನಿಜಕ್ಕೂ ಸಮಯವಿಲ್ಲವೆಂದಾದರೆ, 2023ರಲ್ಲಿ ಸೇರಿದ ಲೋಕದ ಮಾರ್ಪಾಟುಗಳಲ್ಲಿ ಪೋರ್ಟಲ್ಸ್ ಎಂಬುದನ್ನು ಕ್ಯಾಶುವಲ್‌ಗೆ ಇಟ್ಟು ಎಲ್ಲರಿಗೂ ಬಹಿರಂಗವಾಗಿ ಬಿಡಿ. ಕೆಲವರಿಗೆ ಮಾತ್ರ ಗೊತ್ತಿರುವ ಒಳದಾರಿಗಿಂತ ಅದು ಎಷ್ಟೋ ಮೇಲು.

ಪ್ರಶ್ನೆ ಕೇಳಿದವರು

ಒಬ್ಬರು ಎಕ್ಸ್‌ಬಾಕ್ಸ್‌ನಲ್ಲಿ ಆಡುವುದರಿಂದ ಮಾಡ್ ಸಾಧ್ಯವಿಲ್ಲ. ಪೋರ್ಟಲ್ ತೆರೆಯಲು ನಾಲ್ವರು ಒಪ್ಪುತ್ತಿಲ್ಲ, ನಾನೂ ಅವರಲ್ಲೊಬ್ಬ. ಎರಡನೇ ಪಾತ್ರವನ್ನೇ ನಿಷೇಧಿಸಲೇ?

ಉತ್ತರ

ಬೇಡ. ಗೆಳೆಯರು ಇಲ್ಲದ ದಿನ ಒಬ್ಬರೇ ಮೊದಲಿಂದ ಆಡಲು ಅದು ಒಳ್ಳೆಯ ದಾರಿ. ಈ ಸರ್ವರ್‌ನಲ್ಲಿ ಹುಟ್ಟಿದ ಪಾತ್ರ ಇಲ್ಲಿಯೇ ಇರಬೇಕು, ಹೊಸದು ಬರಿಗೈಯಲ್ಲಿ ಬರಬೇಕು ಎಂದು ಎಲ್ಲರೂ ಕೂತು ಮಾತಾಡಿಕೊಳ್ಳಿ. ಇದನ್ನು ಯಂತ್ರ ಕಾಯುವುದಿಲ್ಲ, ಮಾತೇ ಕಾಯಬೇಕು.

ಉಗ್ರಾಣಕ್ಕೆ ಮಾತ್ರ ಆಟದೊಳಗೇ ಬೀಗವಿದೆ. ವಾರ್ಡ್ ಎಂಬ ಕಾವಲು ಕಂಬವೇ ಅದು. ಅದು ಅನುಮತಿ ಕೊಡುವುದು ಖಾತೆಗಲ್ಲ, ಪಾತ್ರಕ್ಕೆ. ಅದನ್ನು ಕಟ್ಟಲು ಐದು ಫೈನ್ ವುಡ್, ಐದು ಗ್ರೇಡ್ವಾರ್ಫ್ ಕಣ್ಣು, ಒಂದು ಸರ್ಟ್ಲಿಂಗ್ ಕೋರ್ ಇದ್ದರೆ ಸಾಕು. ಕಂಚಿಗೊಂದು, ಕಬ್ಬಿಣಕ್ಕೊಂದು ಕೋಣೆ ಕಟ್ಟಿ, ಒಂದರ ವಾರ್ಡ್‌ನ ವ್ಯಾಪ್ತಿ ಇನ್ನೊಂದಕ್ಕೆ ತಾಗದಷ್ಟು ದೂರವಿಡಿ. ವಾರ್ಡ್ ಆರಿರುವಾಗ ಒಳಗೆ ಬರಬೇಕಾದ ಪಾತ್ರಗಳು ಅದರ ಬಳಿ ಹೋಗಿ ತಮ್ಮನ್ನು ಸೇರಿಸಿಕೊಳ್ಳಲಿ, ಆಮೇಲೆ ಕಟ್ಟಿದವರು ಹಚ್ಚಲಿ. ಉಳಿದ ಪಾತ್ರಗಳಿಗೆ ಬಾಗಿಲೂ ತೆರೆಯದು, ಪೆಟ್ಟಿಗೆಯೂ ತೆರೆಯದು. ಹೊಸ ಪಾತ್ರ ತಾನೇ ಜೌಗಿನಲ್ಲಿ ಕಬ್ಬಿಣ ಸಿಗುವ ಮುಳುಗಿದ ಸಮಾಧಿಗೆ ಇಳಿದು ಕಬ್ಬಿಣ ಅಗೆದು ಬಂದ ದಿನ ಅದನ್ನೂ ಸೇರಿಸಿ. ಒಮ್ಮೆ ಅಗೆದ ಕಬ್ಬಿಣದ ರಾಶಿ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಮನೆಗೆ ಹತ್ತಿರದ ಒಂದೆರಡು ಸಮಾಧಿಗಳನ್ನು ಹೊಸಬರಿಗೆಂದು ಮುಟ್ಟದೆ ಬಿಡಿ.

ಪ್ರಶ್ನೆ ಕೇಳಿದವರು

ಎರಡು ವಾರ ಹೀಗೆಯೇ ಆಡಿದೆವು. ನನ್ನದೇ ಎರಡನೇ ಪಾತ್ರಕ್ಕೆ ಕಬ್ಬಿಣದ ಕೋಣೆ ತೆರೆಯದಿದ್ದಾಗ ವಾರ್ಡ್ ಸರಿಯಾಗಿದೆ ಎಂದು ಖಾತರಿಯಾಯಿತು. ನಿನ್ನೆ ರಾತ್ರಿ ಐವರು ಲಾಂಗ್‌ಶಿಪ್ ಏರಿ ಜೌಗಿಗೆ ಹೋಗಿದ್ದೆವು. ಮರಳುವಾಗ ಎದುರುಗಾಳಿ, ಮನೆ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಖಾಸಗಿ ಲೋಕದ ಪೆಟ್ಟಿಗೆಯಲ್ಲಿ ಕಬ್ಬಿಣ ಇಡುತ್ತಿದ್ದ ಗೆಳೆಯನೇ ಚುಕ್ಕಾಣಿ ಹಿಡಿದಿದ್ದ.