ಪದಚರ್ಚೆ: ಕಂಪನಿಗಳು ಹೇಗೆ ಒಂದಾದರೂ ‘ವಿಲೀನ’ವೇ? ಅಕ್ಜೊನೊಬೆಲ್ ಚರಿತ್ರೆಯ ಸಂದರ್ಭದಲ್ಲಿ

ಮಾನ್ಯರೇ,

ಡ್ಯುಲಕ್ಸ್ ಬಣ್ಣದ ಡಬ್ಬಿಗಳ ಮೂಲಕ ನಮಗೆ ಪರಿಚಿತವಾದ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಅಕ್ಜೊನೊಬೆಲ್ ಕಂಪನಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಎದ್ದ ಪ್ರಶ್ನೆಯಿದು. ಎರಡು ಕಂಪನಿಗಳು ಯಾವ ಬಗೆಯಲ್ಲಿ ಒಂದಾದರೂ ನಮ್ಮ ವಾಣಿಜ್ಯ ಪುಟಗಳು ಅದನ್ನು ‘ವಿಲೀನ’ ಎಂದೇ ಕರೆಯುತ್ತವೆ. ಆದರೆ ವಿಲೀನವೆಂದರೆ ಒಂದು ಇನ್ನೊಂದರಲ್ಲಿ ಕರಗಿ ತನ್ನ ಗುರುತನ್ನು ಕಳೆದುಕೊಳ್ಳುವುದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದದ್ದಕ್ಕೆ ಈ ಪದ ಅಕ್ಷರಶಃ ಒಪ್ಪುತ್ತದೆ. ಹೆಸರು, ಫಲಕ, ಪಾಸ್‌ಬುಕ್ ಎಲ್ಲವೂ ಹೋದವು.

ಅಕ್ಜೊನೊಬೆಲ್‌ನ ಕಥೆ ಹಾಗಿಲ್ಲ. ಕೃತಕ ರೇಷ್ಮೆ ತಯಾರಿಸುತ್ತಿದ್ದ ಎಕೆಯು ಮತ್ತು ಉಪ್ಪು, ಔಷಧ, ರಾಸಾಯನಿಕಗಳ ಕೆಜೆಡ್‌ಒ ಎಂಬ ಎರಡು ಡಚ್ ಉದ್ಯಮಗಳು 1969ರಲ್ಲಿ ಕೂಡಿ ‘ಅಕ್ಜೊ’ ಆದವು. ಹೊಸ ಹೆಸರಿನಲ್ಲಿಯೇ ಎರಡರ ಅಕ್ಷರಗಳೂ ಉಳಿದವು. 1994ರಲ್ಲಿ ಅದು ಸ್ವೀಡನ್ನಿನ ನೊಬೆಲ್ ಇಂಡಸ್ಟ್ರೀಸ್ ಜೊತೆ ಸೇರಿದಾಗಲೂ ಎರಡು ಹೆಸರುಗಳು ಅಕ್ಕಪಕ್ಕದಲ್ಲೇ ನಿಂತವು. ಇಂಥ ಸಂದರ್ಭಕ್ಕೆ ‘ಕೂಡಿಕೆ’ ಅಥವಾ ‘ಒಗ್ಗೂಡಿಕೆ’ ಎಂಬುದೇ ಸರಿಯೆಂದು ನನಗೆ ತೋರುತ್ತದೆ. ‘ಏಕೀಕರಣ’ವೂ ಅರ್ಥದಲ್ಲಿ ಹತ್ತಿರವೇ, ಆದರೆ 1956ರ ನೆನಪನ್ನು ಹೊತ್ತ ಆ ಪದವನ್ನು ಷೇರುಪೇಟೆಗೆ ಎಳೆಯಲು ಮನಸ್ಸಾಗುವುದಿಲ್ಲ.

2008ರ ಜನವರಿಯಲ್ಲಿ ನಡೆದದ್ದು ಬೇರೆಯೇ ಬಗೆಯದು. ಬ್ರಿಟನ್ನಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್, ಅಂದರೆ ಐಸಿಐ, ಸುಮಾರು 800 ಕೋಟಿ ಪೌಂಡಿಗೆ ಅಕ್ಜೊನೊಬೆಲ್‌ನ ಪಾಲಾಯಿತು. ಡ್ಯುಲಕ್ಸ್ ಬಂದದ್ದು ಈ ದಾರಿಯಲ್ಲಿ. ಇದನ್ನು ‘ಸ್ವಾಧೀನ’ ಎನ್ನುವುದು ರೂಢಿ. ಆದರೆ ಭೂಸ್ವಾಧೀನದ ನೋಟಿಸು ಕಂಡ ನಾಡಿನಲ್ಲಿ ಆ ಪದಕ್ಕೆ ಬಲವಂತದ ಛಾಯೆಯಿದೆ. ಐಸಿಐ ಆಡಳಿತ ಮಂಡಳಿ ಮೊದಲು ಹೇಳಿದ ಬೆಲೆಯನ್ನು ನಿರಾಕರಿಸಿ, ಷೇರಿಗೆ 670 ಪೆನ್ಸ್‌ವರೆಗೆ ಏರಿಸಿದ ಮೇಲೆಯೇ ಒಪ್ಪಿತ್ತು. ಚೌಕಾಸಿ ಮಾಡಿ ಮಾರಿದ್ದನ್ನು ‘ಖರೀದಿ’ ಎಂದರೆ ಸಾಲದೇ?

ಇಲ್ಲೊಂದು ಮಾತು ಸೇರಿಸಬೇಕು. 1926ರಲ್ಲಿ ನಾಲ್ಕು ಕಂಪನಿಗಳು ಕೂಡಿ ಐಸಿಐ ಹುಟ್ಟಿದಾಗ, ಅವುಗಳಲ್ಲಿ ಒಂದು ಆಲ್ಫ್ರೆಡ್ ನೊಬೆಲ್ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಸ್ಫೋಟಕಗಳ ಕಂಪನಿಯಿಂದ ಬೆಳೆದದ್ದಾಗಿತ್ತು. 1994ರಲ್ಲಿ ಅಕ್ಜೊ ಜೊತೆ ಸೇರಿದ ಸ್ವೀಡನ್ನಿನ ನೊಬೆಲ್ ಇಂಡಸ್ಟ್ರೀಸ್ ಅಂತೂ, ಆತ 1894ರಲ್ಲಿ ಕೊಂಡ ಬೊಫೋರ್ಸ್ ಕಾರ್ಖಾನೆಯ ಮೂಲಕ, ಆತನ ಹೆಸರನ್ನೇ ಹೊತ್ತಿತ್ತು. ಹೀಗೆ ಒಬ್ಬನೇ ಮನುಷ್ಯನ ಎರಡು ಉದ್ಯಮಗಳ ಸಂತತಿ ಶತಮಾನದ ಬಳಿಕ ಒಂದೇ ಬಣ್ಣದ ಕಂಪನಿಯಲ್ಲಿ ಸಂಧಿಸಿತು. ಇದನ್ನು ಬರಿಯ ‘ವಿಲೀನ’ವೆಂದು ಬರೆದರೆ ಈ ವಂಶಾವಳಿ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ.

ಬೇರೆಯಾಗುವುದಕ್ಕೂ ಇದೇ ತೊಡಕು. 1993ರಲ್ಲಿ ಐಸಿಐ ತನ್ನ ಔಷಧ ವಿಭಾಗವನ್ನು ಜೆನೆಕಾ ಎಂಬ ಪ್ರತ್ಯೇಕ ಕಂಪನಿಯನ್ನಾಗಿ ಮಾಡಿ, ಅದರ ಷೇರುಗಳನ್ನು ತನ್ನ ಷೇರುದಾರರಿಗೇ ಹಂಚಿತು. ಒಕ್ಕಲುಮನೆಗಳಲ್ಲಿ ಇದಕ್ಕೆ ‘ಪಾಲಾಗುವುದು’ ಎನ್ನುತ್ತೇವೆ. ನೋಂದಣಿ ಕಚೇರಿಯಲ್ಲಿ ‘ವಿಭಾಗಪತ್ರ’ವೂ ಇದೆ. ಆದರೆ 2018ರಲ್ಲಿ ಅಕ್ಜೊನೊಬೆಲ್ ತನ್ನ ವಿಶೇಷ ರಾಸಾಯನಿಕಗಳ ವಿಭಾಗವನ್ನು ಹೂಡಿಕೆ ಸಂಸ್ಥೆಗಳಾದ ಕಾರ್ಲೈಲ್ ಸಮೂಹ ಮತ್ತು ಸಿಂಗಪುರದ ಜಿಐಸಿಗೆ 1,010 ಕೋಟಿ ಯೂರೋ ಮೌಲ್ಯಕ್ಕೆ ಕೊಟ್ಟದ್ದು ಪಾಲಲ್ಲ, ಶುದ್ಧ ಮಾರಾಟ. ಆ ವಿಭಾಗ ಈಗ ನೂರಿಯಾನ್. ಎರಡಕ್ಕೂ ‘ವಿಭಜನೆ’ ಎಂದು ಬರೆದರೆ ಹಣ ಯಾರ ಕೈ ಸೇರಿತೆಂಬುದೇ ಮರೆಯಾಗುತ್ತದೆ. ಅಂದಹಾಗೆ, ಈ ಮಾರಾಟದ ನಂತರವೂ ಅಕ್ಜೊನೊಬೆಲ್ ಅನ್ನು ‘ಬಣ್ಣ ಮತ್ತು ರಾಸಾಯನಿಕಗಳ ಕಂಪನಿ’ ಎನ್ನುವುದು ಹಳೆಯ ಮಾತು.

ಈಗ ಉಳಿದಿರುವ ಎರಡು ವಿಭಾಗಗಳಲ್ಲಿ ಒಂದು ಗೋಡೆ, ಬಾಗಿಲುಗಳ ಬಣ್ಣದ್ದು. ಇನ್ನೊಂದರಲ್ಲಿ ಹಡಗಿನ ತಳ, ವಾಹನ, ಲೋಹದ ತಗಡುಗಳಿಗೆ ಬೇಕಾದವು ಸೇರುತ್ತವೆ. ಅದಕ್ಕೆ ‘ಕಾರ್ಯಕ್ಷಮತಾ ಲೇಪನ’ ಎಂಬ ಅನುವಾದವನ್ನು ಕಂಡಿದ್ದೇನೆ. ಅದು ಏನನ್ನೂ ತಿಳಿಸುವುದಿಲ್ಲ. ‘ಕೈಗಾರಿಕಾ ಲೇಪನ’ ವಾಸಿ. ಪೀಣ್ಯದ ಶೆಡ್ಡುಗಳಲ್ಲಿ ನಡೆಯುವ ಪೌಡರ್ ಕೋಟಿಂಗ್‌ನಲ್ಲಿ ಒಣ ಪುಡಿಗೆ ವಿದ್ಯುದಾವೇಶ ಕೊಟ್ಟು ಸಿಂಪಡಿಸುತ್ತಾರೆ, ಅದು ಲೋಹಕ್ಕೆ ಅಂಟುತ್ತದೆ, ಬಳಿಕ ಒಲೆಯಲ್ಲಿ ಕರಗಿ ಪದರವಾಗುತ್ತದೆ. ಕುಂಚವೂ ಇಲ್ಲ, ದ್ರವವೂ ಇಲ್ಲ. ಇದಕ್ಕೆ ‘ಬಳಿಯುವುದು’ ಹೊಂದದು; ‘ಲೇಪ’ವೂ ಅರ್ಧ ಮಾತ್ರ.

ಐಸಿಐ ಇಂಡಿಯಾ 2010ರಲ್ಲಿ ಅಕ್ಜೊ ನೊಬೆಲ್ ಇಂಡಿಯಾ ಆಯಿತು. ಅದರ ಸುಮಾರು ಮುಕ್ಕಾಲು ಪಾಲು ಷೇರನ್ನು ಕೊಳ್ಳಲು 2025ರ ಜೂನ್‌ನಲ್ಲಿ ಜೆಎಸ್‌ಡಬ್ಲ್ಯೂ ಪೇಂಟ್ಸ್ ಒಪ್ಪಂದ ಮಾಡಿಕೊಂಡಿತು. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕಾರ್ಖಾನೆಯಿರುವ ಕಂಪನಿಯಾದ್ದರಿಂದ ಈ ಪದಗಳು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುದ್ದಿಮನೆ, ಬ್ಯಾಂಕು, ಕಂಪನಿ ಕಾನೂನುಗಳಲ್ಲಿ ಕೆಲಸ ಮಾಡಿದವರು ‘ಕೂಡಿಕೆ’, ‘ಖರೀದಿ’, ‘ಪಾಲು’ ಎಂಬ ಮೂರನ್ನು ಈ ಅರ್ಥಗಳಲ್ಲಿ ಬಳಸಿದ್ದುಂಟೇ, ಬಳಸಿದ್ದರೆ ಯಾವ ತೊಡಕು ಬಂತು ಎಂಬುದನ್ನು ದಯವಿಟ್ಟು ತಿಳಿಸಬೇಕು.