ಅಪ್‌ಡೇಟ್: ನವೋದಯ ಅರ್ಜಿಯಲ್ಲಿ 'ಗ್ರಾಮೀಣ' ಅಂತ ತಪ್ಪಾಗಿ ಹಾಕಿದ್ದೆ, ಸರಿಯಾಯಿತು

ಮಗಳ ಆರನೇ ತರಗತಿ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ) ಪ್ರವೇಶ ಪರೀಕ್ಷೆಯ ಅರ್ಜಿಯಲ್ಲಿ ತಪ್ಪಾಗಿದೆ, ಹೇಗೆ ಸರಿಪಡಿಸೋದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಅವಳು ಮೂರನೇ ತರಗತಿ ಓದಿದ್ದು ಮಂಡ್ಯ ಪೇಟೆಯಲ್ಲಿ, ನಾಲ್ಕು ಮತ್ತು ಐದು ನಮ್ಮ ಹಳ್ಳಿಯಲ್ಲಿ. ನಾನು ಸುಮ್ನೆ 'ಗ್ರಾಮೀಣ' ಅಂತ ಒತ್ತಿಬಿಟ್ಟಿದ್ದೆ.

ಹಳ್ಳಿಯ ವಾಸ ದೃಢೀಕರಣ ಮಾಡಿಸಿ ಅಂದವರ ಮಾತು ಕೇಳಿ ನಾಡಕಚೇರಿಗೆ ಹೋಗಿದ್ದು ದಂಡ. ಗ್ರಾಮೀಣವೋ ನಗರವೋ ಅನ್ನೋದಕ್ಕೆ ಮನೆ ಎಲ್ಲಿದೆ ಅನ್ನೋದು ಲೆಕ್ಕಕ್ಕೇ ಇಲ್ಲ, ಶಾಲೆ ಎಲ್ಲಿತ್ತು ಅನ್ನೋದೇ ಮುಖ್ಯ. ಮೂರು, ನಾಲ್ಕು, ಐದರಲ್ಲಿ ಒಂದು ದಿನ ಪೇಟೆ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿಯೇ. ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ, ಹಾಗಾಗಿ ನಮಗೆ ಪೈಪೋಟಿ ಜಾಸ್ತಿ. ಹೊಟ್ಟೆ ಉರಿಯಿತು, ಆದರೆ ಸುಳ್ಳು ಹೇಳಿ ಸೀಟು ಸಿಕ್ಕ ಮೇಲೆ ದಾಖಲೆ ನೋಡಿ ವಾಪಸ್ ಕಳಿಸಿದರೆ ಮಗು ಅಳುತ್ತದೆ ಅಲ್ವಾ?

ಕೈ ಹಿಡಿದದ್ದು ಕೊನೆಯ ದಿನಾಂಕದ ನಂತರ ತಿದ್ದುಪಡಿಗೆ ಅವಕಾಶ ಕೊಡುತ್ತಾರೆ, ಕಾಯಿರಿ ಅಂದವರ ಸಲಹೆ. ಕೊಟ್ಟರು, ಎರಡೇ ನಿಮಿಷದಲ್ಲಿ 'ನಗರ' ಅಂತ ಬದಲಿಸಿದೆ. ಪರೀಕ್ಷೆಯ ಮಾಧ್ಯಮ ಕನ್ನಡವೇ ಇದೆಯಾ ಅಂತಲೂ ಅಲ್ಲೇ ನೋಡಿಕೊಂಡೆ.

ಗೊತ್ತಿಲ್ಲದ್ದು ಒಂದಿತ್ತು: 100 ಅಂಕದಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೇ (ಚಿತ್ರ ನೋಡಿ ಯೋಚಿಸಿ ಬಿಡಿಸುವ ಪ್ರಶ್ನೆಗಳು)! ನಾವು ಬರೀ ಗಣಿತ ಉಜ್ಜುತ್ತಿದ್ದೆವು. ಈಗ ರಾತ್ರಿ ಊಟ ಆದಮೇಲೆ ಚಿತ್ರಗಳ ಲೆಕ್ಕ ಶುರು. ಅವಳು ನನಗಿಂತ ಬೇಗ ಬಿಡಿಸುತ್ತಾಳೆ.